ಹನೂರಿನ ನಾಲ್ಕು ಖಾಲಿ ಸೀಸೆ

ಕೊಳ್ಳೇಗಾಲ ಇನ್ನೂ ಮದ್ರಾಸಿನ ಕಡೆಗಿದ್ದ ಕಾಲದಲ್ಲಿ ನಾನು ಆರೇಳು ವರ್ಷ, ಬೆಂಕಿ ಆರಿಸುವ ಸಾಮಾನಿನ ಕಂಟ್ರಾಕ್ಟರೊಬ್ಬರ ಬಳಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ಇದನ್ನು ಹೇಳಿದರೆ ಕೇಳಿದವರು ನನ್ನನ್ನು ಧೈರ್ಯವಂತನೆಂದು ತಿಳಿಯುತ್ತಾರೆ. ನಾನು ಬೆಂಕಿಯನ್ನು ಹತ್ತಿರದಿಂದ ನೋಡಿದ್ದು ಮನೆಯ ಒಲೆಯಲ್ಲಿ ಮಾತ್ರ. ಅದಕ್ಕೂ ಕೆಲಸಕ್ಕೆ ಹೊರಡುವ ಮುಂಚೆ ಎರಡು ಸಲ ನೀರು ಚಿಮುಕಿಸಿ ಬರುತ್ತಿದ್ದೆ. ಒಮ್ಮೊಮ್ಮೆ ಬೀದಿಯ ತಿರುವಿನಿಂದ ಹಿಂತಿರುಗಿ ಹೋಗಿ ಮೂರನೆಯ ಸಲ. "ನೀವು ಆರ್ಸೋ ಒಲೇನ ಮತ್ತೆ ಹತ್ತಿಸ್ಬೇಕಾದ್ರೆ ಪಕ್ಕದ ಮನೆಯಿಂದ ಇನ್ನೊಂದು ಒಲೆ ತರ್ಬೇಕು" ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು.

ನಮ್ಮ ಸಾಹುಕಾರರು ರೇಷ್ಮೆ ನೂಲಿನ ವ್ಯಾಪಾರಿ. ಯುದ್ಧ ಮುಗಿದ ಮೇಲೆ ಕೊಯಮತ್ತೂರಿನಲ್ಲಿ ಸರ್ಕಾರದ ಹಳೆಯ ಸಾಮಾನು ಹರಾಜಾದಾಗ, ಪಕ್ಕದವನು ಕೂಗಿದನೆಂದು ತಾವೂ ಕೂಗಿ, ಅವನು ನಿಲ್ಲಿಸಿದ್ದು ಗೊತ್ತಾಗದೆ ಇನ್ನೊಂದು ಸಲ ಕೂಗಿ, ಕೊನೆಗೆ ಒಂದು ಲಾರಿ ತುಂಬ ಕೆಂಪು ಬಕೀಟು, ಕೈಪಂಪು, ತಲೆಕೆಳಗು ಮಾಡಿದರೆ ನೀರು ಚಿಮ್ಮುವ ಬೆಂಕಿ ಡಬ್ಬಿಗಳನ್ನು ತಂದು ನೂಲಿನ ಅಂಗಡಿಯ ಹಿಂದೆ ಒಟ್ಟಿದರು. ಬಕೀಟಿನ ತಳ ಗುಂಡಗೆ. ನೆಲದ ಮೇಲಿಟ್ಟರೆ ಉರುಳುತ್ತದೆ. ಬೇರೆ ಯಾವ ಕೆಲಸಕ್ಕೂ ಜನ ಬಳಸಬಾರದು, ಸದಾ ಕೊಕ್ಕೆಗೆ ತೂಗಿರಬೇಕು ಎಂದೇ ಹಾಗೆ ಮಾಡಿದ್ದಂತೆ. ಮಾಡಿದವರು ನಮ್ಮ ಸೀಮೆಯ ಹೆಂಗಸರನ್ನು ನೋಡಿರಲಿಲ್ಲ. ಇಲ್ಲಿ ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಕೂರದ ಪಾತ್ರೆ ಯಾವುದಿದೆ? ಎಳಂದೂರಿನ ಒಂದು ಅಕ್ಕಿ ಗಿರಣಿಗೆ ಬಾಡಿಗೆಗೆ ಕೊಟ್ಟ ಆರು ಬಕೀಟಿನಲ್ಲಿ ಎರಡನ್ನು ನಾನೇ ಹೊನ್ನೂರಿನ ಮದುವೆಯ ಊಟದಲ್ಲಿ ಕಂಡೆ. ಒಂದರಲ್ಲಿ ಸಾರು, ಇನ್ನೊಂದರಲ್ಲಿ ಮಜ್ಜಿಗೆ. ಅವನ್ನು ಯಾವ ಖಾತೆಗೆ ಬರೆಯುವುದು ಎಂಬ ಯೋಚನೆಯಲ್ಲಿ ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಹರಾಜಿನ ಸಾಮಾನು ಏನಾಗುತ್ತಿತ್ತೋ. ಟೂರಿಂಗ್ ಟಾಕೀಸಿನವರು ಬಂದು ಸಾಹುಕಾರರನ್ನು ಉಳಿಸಿದರು. ಡೇರೆ ಹಾಕಲು ಲೈಸೆನ್ಸು ಬೇಕು, ಲೈಸೆನ್ಸಿಗೆ ಮರಳಿನ ಬಕೀಟು, ನೀರಿನ ಬಕೀಟು, ಬೆಂಕಿ ಡಬ್ಬಿ ಇರಬೇಕು. ಬಾಡಿಗೆಗೆ ಕೊಡತೊಡಗಿದೆವು. ಅವರ ಹಿಂದೆ ರೇಷ್ಮೆ ಬಿಚ್ಚುವವರು, ಗಿರಣಿಯವರು, ರೇಷ್ಮೆ ಗೂಡು ಕೂಡಿಡುವ ಗೋಡೌನಿನವರು ಬಂದರು. ಎಳಂದೂರು ನಮಗೆ ಹತ್ತು ಹನ್ನೊಂದು ಮೈಲಿ, ಆದರೆ ಅದು ಮೈಸೂರು ಸೀಮೆ. ಆದ್ದರಿಂದ ನಾನು ಎರಡು ಕಿರ್ದಿ ಇಡಬೇಕಾಗಿತ್ತು. ಸಿನಿಮಾ ಡೇರೆ ಕೊಳ್ಳೇಗಾಲದಿಂದ ಎಳಂದೂರಿಗೆ ಹೊರಟರೆ ಅದರ ಹಿಂದೆ ನಮ್ಮ ಬಕೀಟುಗಳೂ ಎತ್ತಿನ ಗಾಡಿಯಲ್ಲಿ ಹೊರಡುತ್ತಿದ್ದವು. ಅವನ್ನು ಒಂದು ಪುಸ್ತಕದಲ್ಲಿ ಖರ್ಚು ಬರೆದು ಇನ್ನೊಂದರಲ್ಲಿ ಜಮಾ ಬರೆಯುತ್ತಿದ್ದೆ. ನಡುವೆ ಗಾಡಿ ದಾರಿಯಲ್ಲಿರುವಷ್ಟು ಹೊತ್ತು ಬಕೀಟುಗಳು ಯಾವ ಪುಸ್ತಕದಲ್ಲೂ ಇಲ್ಲವಲ್ಲ ಎಂದು, ಗಾಡಿ ಮುಟ್ಟಿದ ಸುದ್ದಿ ಬರುವವರೆಗೆ ಮೇಜಿಗೂ ಬಾಗಿಲಿಗೂ ತಿರುಗುತ್ತಿದ್ದೆ.

ಸಾಮಾನು ನೋಡಿಕೊಳ್ಳುತ್ತಿದ್ದವನು ಒಬ್ಬನೇ. ಐವತ್ತು ದಾಟಿದವನು, ಮೊದಲು ರೇಷ್ಮೆ ಕಾರ್ಖಾನೆಯ ಬಾಯ್ಲರಿನಲ್ಲಿ ದುಡಿದು ಎಡಗಡೆಯ ಹುಬ್ಬನ್ನು ಅಲ್ಲೇ ಬಿಟ್ಟುಬಂದವನು. ಊರೆಲ್ಲ ಅವನನ್ನು ಫಿಟ್ಟರ್ ಎಂದೇ ಕರೆಯುತ್ತಿತ್ತು, ನಾನು ಮಾತ್ರ ಮೇಸ್ತ್ರಿ ಎನ್ನುತ್ತಿದ್ದೆ. ಓದು ಬರಹ ಇಲ್ಲ. ಬೆಂಕಿ ಡಬ್ಬಿಯೊಳಗೆ ಸೋಡಾ ಪುಡಿ ಕಲಸಿದ ನೀರು, ಅದರ ಮೇಲೆ ಪಂಜರದಲ್ಲಿ ಕೂತ ಒಂದು ಆಸಿಡ್ ಸೀಸೆ; ಡಬ್ಬಿ ತಲೆಕೆಳಗಾದರೆ ಎರಡೂ ಬೆರೆತು ನೀರು ಚಿಮ್ಮಬೇಕು. ವರ್ಷಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಬೇಕು, ಹಳೆಯ ಸೀಸೆ ತೆಗೆದು ತುಂಬಿದ ಹೊಸ ಸೀಸೆ ಕೂರಿಸಬೇಕು. ಹಳೆಯ ಆಸಿಡ್ಡನ್ನು ಅಲ್ಲೇ ಎಲ್ಲಾದರೂ ಚೆಲ್ಲಿ, ಖಾಲಿ ಸೀಸೆಯನ್ನು ತಂದು ನನ್ನ ಮೇಜಿನ ಮೇಲಿಡಬೇಕು. ವರ್ಷದ ಕೊನೆಗೆ ಅವೆಲ್ಲ ಕೊಯಮತ್ತೂರಿಗೆ ವಾಪಸು.

ಈ ಖಾಲಿ ಸೀಸೆಯೇ ನಮ್ಮ ಓಚರು, ಕೆಲಸ ಆಯಿತೆನ್ನುವ ರಸೀತಿ. ಸಾಹುಕಾರರು ಮೊದಲ ದಿನವೇ ನನಗೆ ಹೇಳಿದ್ದರು. "ಅವ್ನ್ ತಾವ ಚೀಟಿ ಕೇಳಿದ್ರೆ ಎಲ್ಲಿಂದ ತಂದಾನು ಗುಮಾಸ್ತ್ರೇ? ಸೀಸೆ ಬಂತಾ, ಬರೀರಿ. ಸೀಸೆ ಬರ್ನಿಲ್ವಾ, ಪೆನ್ನು ಮುಟ್ಬ್ಯಾಡಿ." ಅವನೂ ಜಾಣ. ಸೀಸೆಯ ಸೀಸದ ಮುಚ್ಚಳದ ಮೇಲೆ ಅರದಿಂದ ಗೀರು ಹಾಕಿ ತರುತ್ತಿದ್ದ. ಒಂದು ಗೀರು ಕೊಳ್ಳೇಗಾಲ, ಎರಡು ಎಳಂದೂರು, ಮೂರು ಹನೂರು.

ಇಷ್ಟು ಚೆನ್ನಾದ ಏರ್ಪಾಟನ್ನು ಹಾಳು ಮಾಡಿದವನು ನಾನು. ಸೀಸೆ ಬರುವ ಮೊದಲೇ ಕೆಲವು ಸಲ ಬರೆದುಬಿಡುತ್ತಿದ್ದೆ. ಕದಿಯುವ ಬುದ್ಧಿಯಿಂದಲ್ಲ, ಗಾಬರಿಯಿಂದ. ಬಸ್ಸು ತಡವಾದರೆ? ತಿಂಗಳು ಮುಗಿದುಹೋದರೆ? ಈ ನಡುವೆ ನಾನೇ ಸತ್ತರೆ? ಸತ್ತವನ ಮೇಜಿನ ಮೇಲೆ ಬರೆಯದ ಲೆಕ್ಕ ಕಂಡರೆ ಜನ ಏನೆಂದಾರು? ಅದಕ್ಕೇ, ನಾಳೆ ಹೇಗೂ ಮಾಡುತ್ತಾನಲ್ಲ ಎಂದು ಇವತ್ತೇ ಬರೆದು ಉಸಿರು ಬಿಡುತ್ತಿದ್ದೆ. ಮರುದಿನ ಸೀಸೆ ಬಂದೇ ಬರುತ್ತಿತ್ತು. ಯಾರಿಗೂ ಗೊತ್ತಾಗಿರಲಿಲ್ಲ.

ನಮ್ಮಲ್ಲಿ ಹಳೆಯ ಲೆಕ್ಕ ಯುಗಾದಿಗೆ ಮುಗಿದು ಹೊಸ ಕಿರ್ದಿಗೆ ಪೂಜೆ. ಅದಕ್ಕೆ ಹದಿನೈದು ದಿನ ಮುಂಚೆ ನಾನು ದಾಸ್ತಾನು ಎಣಿಸಲು ಕೂರುತ್ತಿದ್ದೆ. ಆ ವರ್ಷ ಕೊಯಮತ್ತೂರಿನಿಂದ ಬಂದ ತುಂಬಿದ ಸೀಸೆ ಅರವತ್ತು. ಉಳಿದಿದ್ದು ಹದಿನೆಂಟು. ಖಾಲಿ ನಲವತ್ತೆರಡು ಇರಬೇಕು. ಎಣಿಸಿದರೆ ಮೂವತ್ತೆಂಟು. ಐದು ಸಲ ಎಣಿಸಿದೆ. ಆರನೆಯ ಸಲಕ್ಕೆ ಒಮ್ಮೆ ಮೂವತ್ತೊಂಬತ್ತು ಬಂದು ಒಂದು ಕ್ಷಣ ಸಂತೋಷವಾಯಿತು, ಅದು ನನ್ನ ಮಸಿ ಕುಡಿಕೆ. ಮುಚ್ಚಳಗಳನ್ನು ನೋಡಿದೆ. ಒಂದು ಗೀರಿನವು, ಎರಡು ಗೀರಿನವು ಇದ್ದವು. ಮೂರು ಗೀರಿನದು ಒಂದೂ ಇಲ್ಲ. ಕಿರ್ದಿ ತಿರುವಿದೆ. ಹನೂರಿನ ಗೂಡಿನ ಗೋಡೌನಿನಲ್ಲಿ ನಾಲ್ಕು ಡಬ್ಬಿ ತುಂಬಿಸಿದ ಬಾಬ್ತು, ಕಾರ್ತಿಕ ಮಾಸ, ನನ್ನದೇ ಅಕ್ಷರ. ಬಿಲ್ಲು ಹೋಗಿದೆ, ಹಣ ಬಂದಿದೆ.

ಸ್ವಲ್ಪ ಹೊತ್ತು ಯೋಚಿಸುವ ಮನುಷ್ಯನಾಗಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಚಿಂತೆ ಮಾಡುವವನಿಗೂ ಯೋಚನೆ ಮಾಡುವವನಿಗೂ ಬಹಳ ವ್ಯತ್ಯಾಸ. ನಾನು ಕಿರ್ದಿ ಹಿಡಿದುಕೊಂಡೇ ಮುಂದಿನ ನೂಲಿನ ಅಂಗಡಿಗೆ ಓಡಿ ಸಾಹುಕಾರರ ಮುಂದೆ ನಿಂತೆ.

"ನಾಲ್ಕು ಸೀಸೆ ಕಮ್ಮಿ ಬರ್ತಾ ಇದೆ. ಹನೂರಿಂದು."

ಅವರು ತೂಗುತ್ತಿದ್ದ ನೂಲಿನ ಕಟ್ಟನ್ನು ತಕ್ಕಡಿಯಿಂದ ಇಳಿಸಿದರು. "ಕಿರ್ದೀಲಿ ಬರ್ದಿದ್ದೀರಲ್ಲ?"

"ಬರೆದಿದ್ದೀನಿ."

"ಸೀಸೆ ನೋಡಿ ಬರುದ್ರಾ, ನೋಡ್ದೆ ಬರುದ್ರಾ?"

ನೆನಪಿರಲಿಲ್ಲ. ಆ ಕಾರ್ತಿಕದಲ್ಲಿ ನನಗೆ ಚಳಿಜ್ವರ ಬಂದು ಹನ್ನೆರಡು ದಿನ ಮಲಗಿದ್ದೆ. ಅದರ ಹಿಂದುಮುಂದಿನ ದಿನಗಳು ತಲೆಯಿಂದ ಒರೆಸಿಹೋಗಿದ್ದವು. ನೋಡಿ ಬರೆದೆನೋ, ನನ್ನ ಚಾಳಿಯಂತೆ ಮುಂಚೆಯೇ ಬರೆದೆನೋ. ನೆನಪಿಲ್ಲ ಎಂದರೆ ಇವನೆಂಥ ಗುಮಾಸ್ತ ಎನ್ನುತ್ತಾರೆ. ಮುಂಚೆಯೇ ಬರೆಯುತ್ತೇನೆ ಎಂದರೆ ಮನೆಗೆ ಕಳಿಸುತ್ತಾರೆ. ಎರಡರ ನಡುವೆ ನನ್ನ ಬಾಯಿಂದ ಮೂರನೆಯದು ಬಂತು.

"ಮೇಸ್ತ್ರಿ ಮಾತಿನ ಮೇಲೆ ಬರೆದೆ."

ಸಾಹುಕಾರರು ನನ್ನ ಕೈಯಿಂದ ಕಿರ್ದಿ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ, "ಅಂದ್ರೆ ಹಾಕ್ದೇನೆ ಹಾಕಿವ್ನಿ ಅಂದವ್ನೆ. ನಾಲ್ಕು ತುಂಬಿದ್ ಸೀಸೆ ಎಲ್ಲೋ ಮಾರ್ಕಂಡವ್ನೆ" ಎಂದರು. ಅಕ್ಕಸಾಲಿಗರು ಆಸಿಡ್ಡಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದರು, ಆದ್ದರಿಂದ ಅದು ನಂಬುವಂಥ ಮಾತೇ. "ಯುಗಾದಿ ಗಂಟ ಇರ್ಲಿ. ಊರೂರು ತಿರುಗಿ ಕೆಲ್ಸ ಮುಗಿಸ್ಲಿ. ಹೊಸಾ ಕಿರ್ದೀಲಿ ಅವ್ನ ಸಂಬಳ್ದ ಬಾಬ್ತು ಬರೀಬ್ಯಾಡಿ."

ಕಿರ್ದಿಯನ್ನು ಎತ್ತಿಕೊಂಡು ನನ್ನ ಮೇಜಿಗೆ ಹಿಂತಿರುಗಿದೆ. ಒಬ್ಬ ಮನುಷ್ಯನ ಅನ್ನ ನನ್ನ ನಾಲ್ಕು ಪದದಲ್ಲಿ ಹೋಗಿತ್ತು.

ಮರುದಿನ ನಾನೇ ಸಾಹುಕಾರರ ಬಳಿ ಹೋಗಿ, ಹನೂರಿಗೆ ಹೋಗಿ ಡಬ್ಬಿ ಬಿಚ್ಚಿಸಿ ನೋಡಿ ಬರುತ್ತೇನೆ ಎಂದೆ. ನ್ಯಾಯಕ್ಕಾಗಿ ಎಂದು ಅವರು ತಿಳಿದರು. ನಿಜ ಹೇಳಬೇಕೆಂದರೆ, ಅವನು ಕದ್ದದ್ದು ಖಾತ್ರಿಯಾಗಿಬಿಟ್ಟರೆ ನನ್ನ ಮಾತು ಸುಳ್ಳಾಗುವುದಿಲ್ಲವಲ್ಲ ಎಂಬ ಆಸೆಯೂ ನನ್ನೊಳಗೆ ಮೂಲೆಯಲ್ಲಿ ಕೂತಿತ್ತು.

ಬಸ್ಸಿನಲ್ಲಿ ಮೇಸ್ತ್ರಿ ನನ್ನ ಪಕ್ಕದಲ್ಲೇ ಕೂತ. ಯುಗಾದಿಗೆ ಕೆಲಸ ಹೋಗುತ್ತದೆಂದು ಸಾಹುಕಾರರು ಅವನಿಗೆ ಆಗಲೇ ಹೇಳಿದ್ದರು. ತನ್ನ ಟಿಕೀಟಿನ ಕಾಸು ತಾನೇ ಕೊಟ್ಟ. ಸ್ಪಾನರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಮಗೆರೆ ದಾಟುವವರೆಗೆ ಹೊಲ ನೋಡುತ್ತಿದ್ದ. ಆಮೇಲೆ ಕೇಳಿದ.

"ನನ್ ಮಾತ್ ಮ್ಯಾಲೆ ಬರುದ್ರಿ ಅಂದ್ರಂತೆ?"

"ಹೂಂ."

"ನಾನ್ ಯಾವತ್ ಸಾ ನಿಮ್ಗೆ ಮಾತ್ನಲ್ಲಿ ಲೆಕ್ಕ ಕೊಟ್ಟಿದ್ದು? ನಾಕೂ ತಂದು ನಿಮ್ ಮೇಜ್ ಮ್ಯಾಲೆ ಮಡಗ್ದೆ. ನೀವು ಕಂಬ್ಳಿ ಒದ್ಕಂಡು ಕುಂತಿದ್ರಿ. ಅಲ್ಲು ಕಟಕಟಾ ಅಂತಿತ್ತು. ಎಣಿಸುದ್ರಿ, ಬರುದ್ರಿ. 'ಆಯ್ತು ಓಗಪ್ಪ ಓಗು' ಅಂದ್ರಿ."

"ಆಮೇಲೆ ಸೀಸೆ ಏನಾಯ್ತು?"

"ನಂಗೇನ್ ಗೊತ್ತು? ಗುಮಾಸ್ತ್ರು ನೀವೋ ನಾನೋ?"

ತಪ್ಪು ಮಾಡಿದವನೂ ಹೀಗೇ ಹೇಳುತ್ತಾನೆ ಎಂದುಕೊಂಡೆ. ತಪ್ಪು ಮಾಡದವನೂ ಹೀಗೇ ಹೇಳುತ್ತಾನೆ ಎಂದೂ ಅನ್ನಿಸಿತು. ಉಳಿದ ದಾರಿ ಬಸ್ಸಿನ ಬ್ರೇಕಿನ ವಿಷಯ ಚಿಂತೆ ಮಾಡಿ ಕಳೆದೆ.

ಹನೂರಿನ ಗೋಡೌನಿನ ಕಾವಲುಗಾರ ಗಡಿಯ ಕಡೆಯ ಮುದುಕ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಹೌದು ಎನ್ನಲು ಮಾತ್ರ ಎಲ್ಲೆಲ್ಲೂ ಆಮಾಂಗ. ಬಾಗಿಲು ತೆರೆಸಿ ಒಳಗೆ ಹೋದರೆ ಗೂಡಿನ ವಾಸನೆ ಮೂಗಿಗೆ ಹೊಡೆಯಿತು. ಗೋಡೆ ಪೂರಾ ಬಿಳಿ. ನಮ್ಮ ನಾಲ್ಕು ಕೆಂಪು ಡಬ್ಬಿಗಳು ಕಾಣಲೇ ಇಲ್ಲ. ಆಮೇಲೆ ಗೋಡೆಯಲ್ಲಿ ನಾಲ್ಕು ಉಬ್ಬು ಕಂಡವು. ಸುಣ್ಣ ಹೊಡೆದವರು ಡಬ್ಬಿಗಳನ್ನೂ ಗೋಡೆಯೆಂದೇ ತಿಳಿದು ಎರಡು ಸಲ ಬಳಿದುಬಿಟ್ಟಿದ್ದರು. ಹತ್ತಿರ ಹೋಗಿ ನೋಡಿದೆ. ಮುಚ್ಚಳದ ಸುತ್ತ ಸುಣ್ಣ ಎಲ್ಲೂ ಬಿರಿದಿಲ್ಲ. ತೆರೆದಿದ್ದರೆ ಬಿರಿಯಬೇಕಿತ್ತು. ನನ್ನ ಎದೆಯೊಳಗೆ ಯಾವುದೋ ಭಾರ ಇಳಿಯಿತು. ಅದು ಇಳಿದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ.

"ಸುಣ್ಣ ಯಾವಾಗ್ಲಾ ಒಡ್ಸಿದ್ದು?" ಮೇಸ್ತ್ರಿ ಮುದುಕನನ್ನು ಕೇಳಿದ.

"ಸಂಕ್ರಾಂತಿಗೆ."

"ಕೇಳುದ್ರಾ ಸಾ? ನಾನ್ ಬಂದಿದ್ದು ಕಾರ್ತೀಕದಲ್ಲಿ."

ಭಾರ ತಿರುಗಿ ಬಂದು ಕೂತಿತು. ಮುದುಕನ ಕಡೆ ತಿರುಗಿದೆ. "ಅಜ್ಜ, ಕಾರ್ತಿಕದಲ್ಲಿ ಇವನು ಬಂದು ಡಬ್ಬಿ ತುಂಬಿಸಿದ್ದು ನೋಡಿದೆಯಾ?"

"ಆಮಾಂಗ ಸಾಮಿ, ಬಂದ."

"ನಿಜವಾಗಿ ನೋಡಿದೆಯಾ? ಬರದೆಯೂ ಇದ್ದಿರಬಹುದಲ್ಲ?"

"ಆಮಾಂಗ ಸಾಮಿ, ಇರಬೌದು."

"ಲೇ, ಬಂದಿದ್ನೋ ಇಲ್ವೋ ಒಂದ್ ಯೋಳ್ಲಾ" ಎಂದು ಮೇಸ್ತ್ರಿ ರೇಗಿದ.

"ವರ್ಸಾ ವರ್ಸಾ ಬರ್ತೀಯ. ಯಾವ ವರ್ಸ ಯಾವುದು ಅಂತ ನಾನ್ ಯಾಕೆ ನೆನ್ಪಿಟ್ಕೋಬೇಕು? ಬೆಂಕಿ ಬಿದ್ದಿದ್ರೆ ನೆನ್ಪಿರೋದು" ಎಂದ ಮುದುಕ, ಬಹಳ ಶಾಂತವಾಗಿ.

ಸುಣ್ಣ ಕೆರೆದು ಒಂದು ಡಬ್ಬಿ ಬಿಚ್ಚಿಸಿದೆ. ಒಳಗೆ ನೀರು. ಪಂಜರದಲ್ಲಿ ತುಂಬಿದ ಸೀಸೆ. ಹೊಸದೋ ಹಳೆಯದೋ, ನೀರಿನ ಮೇಲೆ ವಯಸ್ಸು ಬರೆದಿರುವುದಿಲ್ಲ. "ಆ ಹಳೇ ಆಸಿಡ್ ಎಲ್ಲಿ ಚೆಲ್ಲಿದೆ?" ಎಂದೆ. ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಡೆಯ ಬುಡದಲ್ಲಿ ಹುಲ್ಲು ಹುಟ್ಟದ ಮೊರದಗಲ ನೆಲ ತೋರಿಸಿದ. ನನಗೆ ಮತ್ತೆ ಆಸೆ ಹುಟ್ಟುವಷ್ಟರಲ್ಲಿ ಅವನೇ ಹೇಳಿದ. "ಇದ್ನ ಸಾಕ್ಷಿ ಅನ್ಬ್ಯಾಡಿ ಸಾ. ನಾಕ್ ವರ್ಸದಿಂದ್ಲೂ ಇಲ್ಲೇ ಚೆಲ್ತಾ ಇವ್ನಿ. ಹುಲ್ಲು ಅವಾಗ್ಲಿಂದ್ಲೂ ಇಲ್ಲ."

"ಒಂದನ್ನ ತಲೆಕೆಳಗು ಮಾಡಿ ನೋಡೋಣವಾ? ಜೋರಾಗಿ ಚಿಮ್ಮಿದರೆ ಹೊಸದು."

"ಹಳೇದೂ ಚಿಮ್ಮುತ್ತೆ ಒಂದೊಂದ್ ದಪ. ಸುಮ್ನೆ ಒಂದ್ ಸೀಸೆ ದಂಡ. ಆಮೇಲೆ ಐದು ಕಮ್ಮಿ ಅಂತ ಬರೀತೀರಿ."

ತನ್ನ ಪರವಾಗಿದ್ದ ಎರಡು ಸಾಕ್ಷಿಗಳನ್ನು ತಾನೇ ಬಿಟ್ಟುಕೊಟ್ಟವನು ಕಳ್ಳನಾಗಿರಲಾರ ಎಂದು ಆ ಹಿತ್ತಲಿನಲ್ಲೇ ನನಗೆ ಹೊಳೆಯಿತು. ಹೊಳೆದು ಪ್ರಯೋಜನವೇನು? ಸಾಹುಕಾರರಿಗೆ ಬೇಕಾದದ್ದು ಸೀಸೆ, ನನ್ನ ಹೊಳಹಲ್ಲ. ಬೇರೆ ಕಂಟ್ರಾಕ್ಟರುಗಳು ಕಟ್ಟಿದ ಗೋಡೆ ತೋರಿಸಬಹುದು, ತೋಡಿದ ಬಾವಿ ತೋರಿಸಬಹುದು. ನಮ್ಮ ಕೆಲಸ ಸರಿಯಾಗಿ ಆಗಿದ್ದರೂ ಗೋಡೆಯ ಮೇಲೆ ಒಂದು ಡಬ್ಬಿ, ಆಗದಿದ್ದರೂ ಅದೇ ಡಬ್ಬಿ.

ವಾಪಸು ಬಂದು "ಏನೂ ಗೊತ್ತಾಗಲಿಲ್ಲ" ಎಂದೆ. "ಗೊತ್ತಾಗ್ದಂಗೆ ತಾನೇ ಮಾಡೋದು" ಎಂದರು ಸಾಹುಕಾರರು.

ಆಮೇಲಿನ ಹತ್ತು ದಿನ ನಾನು ಬಹಳ ಸಲ ನೂಲಿನ ಅಂಗಡಿಯ ಬಾಗಿಲಿಗೆ ಹೋದೆ. ಮಾತು ಸಿದ್ಧವಾಗಿತ್ತು: ನನಗೆ ಒಂದೊಂದು ಸಲ ಮುಂಚೆಯೇ ಬರೆಯುವ ಅಭ್ಯಾಸ ಉಂಟು, ತಪ್ಪು ನನ್ನದಿರಬಹುದು. ಬಾಗಿಲಲ್ಲಿ ನಿಂತ ಕೂಡಲೇ ನನ್ನ ಇಬ್ಬರು ಹೆಣ್ಣುಮಕ್ಕಳು, ಮನೆ ಬಾಡಿಗೆ, ಸೊಸೈಟಿಯ ಸಾಲ ಎಲ್ಲ ಒಟ್ಟಿಗೆ ಬಂದು ನನ್ನ ಜೊತೆ ನಿಲ್ಲುತ್ತಿದ್ದರು. "ಏನ್ರೀ?" ಎಂದರೆ "ಮಸಿ ಪುಡಿ ತೀರಿದೆ" ಎನ್ನುತ್ತಿದ್ದೆ. ಆ ಹತ್ತು ದಿನದಲ್ಲಿ ನಮ್ಮ ಕಚೇರಿಗೆ ಬಂದ ಮಸಿ ಪುಡಿ ಎರಡು ವರ್ಷಕ್ಕೆ ಸಾಲುವಷ್ಟಿತ್ತು.

ಅತ್ತ ಮೇಸ್ತ್ರಿ ಜರಡಿ ಹಿಡಿದು ಊರೂರು ತಿರುಗುತ್ತಿದ್ದ. ಯುಗಾದಿಗೆ ಮುಂಚೆ ಬಕೀಟಿನ ಮರಳನ್ನೆಲ್ಲ ಸುರಿದು, ಒಣಗಿಸಿ, ಜರಡಿ ಹಿಡಿದು ಮತ್ತೆ ತುಂಬುವುದು ನಮ್ಮ ವಾಡಿಕೆ. ಬೇಸಗೆಯಲ್ಲಿ ಗರಿ ಚಪ್ಪರ, ಹುಲ್ಲು ಮೆದೆಗಳಿಗೆ ಬೆಂಕಿ ಜಾಸ್ತಿ. ಮರಳು ಗಟ್ಟಿಯಾಗಿದ್ದರೆ ಹೆಂಟೆ ಎಸೆದಂತಾಗುತ್ತದೆ. ಜರಡಿಯಲ್ಲಿ ಸಿಗುತ್ತಿದ್ದದ್ದು ಬೀಡಿ ತುಂಡು, ಎಲೆ ಅಡಿಕೆಯ ಗಷ್ಟು, ಸಿನಿಮಾ ಡೇರೆಯಾದರೆ ಕಡಲೇಕಾಯಿ ಸಿಪ್ಪೆ. ಎಲ್ಲ ಊರೂ ಮುಗಿಸಿ ಬಂದ. ಕೆಲಸ ಹೋಗುತ್ತದೆಂದು ಗೊತ್ತಿದ್ದವನು ಒಂದು ಬಕೀಟನ್ನೂ ಬಿಟ್ಟಿರಲಿಲ್ಲ.

ನಮ್ಮದೇ ಕಚೇರಿಯಲ್ಲೂ ಒಂದು ಮರಳಿನ ಬಕೀಟಿತ್ತು. ನನ್ನ ಬೆನ್ನ ಹಿಂದಿನ ಕದದ ಮರೆಯಲ್ಲಿ, ಕೊಡೆ ತೂಗುಹಾಕುವ ಮೊಳೆಯ ಪಕ್ಕ. ಗಿರಾಕಿಗಳಿಗೆ ತೋರಿಸಲು ಇಟ್ಟದ್ದು. ಅದನ್ನು ಯಾರು ತಪಾಸಣೆ ಮಾಡುತ್ತಾರೆ? ಪ್ರತಿ ವರ್ಷ "ಇದ್ನ ನಾಳಿಕ್ಕೆ" ಎಂದು ಅವನು ಬಿಟ್ಟುಬಿಡುತ್ತಿದ್ದ.

ಯುಗಾದಿಯ ಹಿಂದಿನ ದಿನ ಹತ್ತು ಗಂಟೆಯ ಹೊತ್ತಿಗೆ ಬಂದವನು, ನನ್ನನ್ನು ನೋಡದೆ, ಕದ ಎಳೆದು ಆ ಬಕೀಟನ್ನು ಇಳಿಸಿದ.

"ಅದು ಇರಲಿ ಬಿಡು ಮೇಸ್ತ್ರಿ" ಎಂದೆ.

"ಬ್ಯಾಡಿ ಸಾ. ಇದೊಂದ್ ಬುಟ್ಟೋದ ಅಂತ ನಾಳಿಕ್ ನನ್ ಹಿಂದ್ಗಡೆ ಮಾತಾಗ್ಬಾರ್ದು."

ಅಂಗಳಕ್ಕೆ ಹೋಗಿ ಗೋಣಿಚೀಲದ ಮೇಲೆ ಸುರಿದ. ಮರಳು ಸುರಿಯುವ ಸದ್ದಿನ ನಡುವೆ ಟಣ್ ಎಂದಿತು. ಮತ್ತೆ ಟಣ್. ನಾನು ಕೂಡುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟೆ.

ಅವನು ಕುಕ್ಕರುಗಾಲಿನಲ್ಲಿ ಕೂತು ಮರಳನ್ನು ಕೈಯಿಂದ ಸರಿಸಿದ. ಆಮೇಲೆ ಕರೆದ. "ಸಾ, ವಸಿ ಬನ್ನಿ ಇತ್ತಗೆ. ಮರಳು ಮೊಟ್ಟೆ ಇಕ್ಕೈತೆ."

ನಾಲ್ಕು ಸೀಸೆ. ಮುಚ್ಚಳಗಳ ಮೇಲೆ ಮೂರು ಮೂರು ಗೀರು.

ಆಗ ನೆನಪಾಯಿತು. ಒಮ್ಮೆಗೇ ಅಲ್ಲ, ಜ್ವರದಲ್ಲಿ ನೋಡಿದ್ದು ನೆನಪಾಗುವ ಹಾಗೆ, ತುಂಡು ತುಂಡಾಗಿ. ಹಿಂದಿನ ವರ್ಷ ಒಂದು ಖಾಲಿ ಸೀಸೆಯ ತಳದ ಹನಿ ನನ್ನ ಪಂಚೆಗೆ ಬಿದ್ದು ಕಾಸಿನಗಲ ತೂತು ಮಾಡಿತ್ತು. ಖಾಲಿ ಸೀಸೆ ಇಡುವ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿತ್ತು. ಬಟ್ಟೆ ಸುಟ್ಟದ್ದು ಹುಲ್ಲನ್ನು ಬಿಟ್ಟೀತೆ ಎಂದು ನನಗೆ ಅಂದಿನಿಂದಲೂ ಭಯ. ಮೇಸ್ತ್ರಿ ನಾಲ್ಕು ಸೀಸೆ ಇಟ್ಟು ಹೋದ ದಿನ ಚಳಿ ಹತ್ತಿ ಕೈ ನಡುಗುತ್ತಿತ್ತು. ಈ ನಡುಗುವ ಕೈಯಲ್ಲಿ ಪೆಟ್ಟಿಗೆಗೆ ಇಟ್ಟು, ಸೀಸೆ ಒಡೆದು, ಹುಲ್ಲು ಹತ್ತಿ, ಬೆಂಕಿ ಆರಿಸುವವರ ಕಚೇರಿಯೇ ಸುಟ್ಟುಹೋದರೆ? ಊರಲ್ಲಿ ಅತ್ಯಂತ ಭದ್ರವಾದ ಜಾಗ ಯಾವುದು? ಮರಳಿನ ಬಕೀಟು. ನಾಲ್ಕನ್ನೂ ಅದರೊಳಗೆ ಒತ್ತಿ, ಮೇಲೆ ಮರಳು ಸವರಿ, ನಾಳೆ ತೆಗೆದಿಟ್ಟರಾಯಿತು ಎಂದು ಮನೆಗೆ ಹೋಗಿ ಮಲಗಿದೆ. ನಾಳೆ ಬಂದದ್ದು ಹನ್ನೆರಡು ದಿನದ ಮೇಲೆ, ಔಷಧದಿಂದ ಕಿವಿ ಗುಯ್‌ಗುಡುತ್ತಾ. ನನ್ನ ಆಯುಸ್ಸಿನಲ್ಲಿ ನಾನು ಬೆಂಕಿ ಬಕೀಟನ್ನು ಉಪಯೋಗಿಸಿದ್ದು ಅದೊಂದೇ ಸಲ.

"ನಾನೇ ಇಟ್ಟಿದ್ದು" ಎಂದೆ.

"ಅದ್ ಗೊತ್ತಾಯ್ತು. ಸೀಸೇನ ಮರಳ್ನೊಳ್ಗೆ ಊತಾಕೋರು ಈ ಕಚೇರೀಲಿ ಇನ್ಯಾರವ್ರೆ?" ಸೀಸೆಗಳ ಮರಳು ಒರೆಸಿದ. "ಸಾವ್ಕಾರ್ರಿಗೆ ನೀವ್ ಯೋಳ್ತೀರೋ, ನಾನ್ ಯೋಳ್ಲೋ?"

ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು ಎನ್ನಬಹುದು, ಎಣಿಕೆಯ ತಪ್ಪು ಎನ್ನಬಹುದು. ಅವನ ಕೆಲಸವೂ ಉಳಿಯುತ್ತದೆ, ನನ್ನದೂ. ಇದೆಲ್ಲ ಅವನ ಮುಖ ನೋಡುತ್ತಲೇ ಯೋಚಿಸಿದೆ. ಅವನಿಗೆ ಇದ್ದದ್ದು ಒಂದೇ ಹುಬ್ಬು, ಅದೂ ಮೇಲೆ ಹೋಗಿತ್ತು. "ನಾನೇ ಹೇಳ್ತೀನಿ, ನೀನೂ ಬಾ" ಎಂದೆ.

ಸಾಹುಕಾರರು ಹಬ್ಬದ ಗಿರಾಕಿಗಳನ್ನು ಕಳಿಸಿ ನಮ್ಮ ಕಡೆ ತಿರುಗಿದರು. ನಾಲ್ಕು ಸೀಸೆಗಳನ್ನು ಅವರ ತಕ್ಕಡಿಯ ಪಕ್ಕ ಇಟ್ಟು ಇದ್ದದ್ದು ಇದ್ದಂತೆ ಹೇಳಿದೆ.

"ಮರಳ್ನೊಳಗೆ ಯಾಕ್ರೀ ಊತಾಕುದ್ರಿ?"

"ಬೆಂಕಿ ಹತ್ತಿಬಿಟ್ಟರೆ ಅಂತ."

"ಖಾಲಿ ಸೀಸೆಗೆ?"

"ಹೂಂ."

ಅವರು ನಗಲು ತೊಡಗಿದರು. ಹೊಟ್ಟೆ ಹಿಡಿದು, ಕಣ್ಣೊರೆಸಿಕೊಂಡು, ನೂಲಿನ ಕಟ್ಟಿನ ಮೇಲೆ ಒರಗಿ ನಕ್ಕರು. ನಾನೂ ಸ್ವಲ್ಪ ನಕ್ಕೆ. ಮೇಸ್ತ್ರಿ ನಗಲಿಲ್ಲ. ಅವನನ್ನು ನೋಡಿ ಅವರೂ ನಿಲ್ಲಿಸಿದರು.

"ಅದಿರ್ಲಿ. ಅವ್ನ್ ಮಾತಿನ್ ಮ್ಯಾಲೆ ಬರ್ದೆ ಅಂದ್ರಲ್ಲ ಗುಮಾಸ್ತ್ರೇ, ಅದ್ಯಾಕಂದ್ರಿ?"

"ನೆನಪಿರಲಿಲ್ಲ. ನೆನಪಿಲ್ಲ ಅನ್ನೋದಕ್ಕೆ ಹೆದರಿಕೆಯಾಯ್ತು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಒಮ್ಮೆ ಬಾಯಿ ತೆರೆದಿತ್ತಲ್ಲ, ಸೀಸೆ ಬರುವ ಮುಂಚೆಯೇ ಬರೆಯುವ ನನ್ನ ಚಾಳಿಯನ್ನೂ ಹೇಳಿಬಿಟ್ಟೆ.

ಅವರು ಸೀಸೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಸೀಸೆ ಸಿಕ್ತು, ಜಮಾ ಮಾಡ್ತೀರಿ. ಆ ಮಾತ್ನ ಎಲ್ಲಿ ಜಮಾ ಮಾಡ್ತೀರಿ?"

ಉತ್ತರ ಕೊಟ್ಟವನು ಮೇಸ್ತ್ರಿ. "ಕಿರ್ದೀಲೇ ಬರೀಲಿ ಸಾವ್ಕಾರ್ರೇ. ಕಾಸು ಕಳ್ದೋದ್ರೆ ಬರೀತಾರೆ, ಸೀಸೆ ಕಳ್ದೋದ್ರೆ ಬರೀತಾರೆ. ಇದೂ ಬರೀಲಿ. ಬರ್ದು ಓದ್ಲಿ, ನಾನ್ ಕೇಳ್ಬೇಕು."

ಹಳೆಯ ಕಿರ್ದಿ ತಂದೆ. ಇಬ್ಬರೂ ಎದುರು ನಿಂತಿರುವಾಗ ಕೊನೆಯ ಪುಟದಲ್ಲಿ ಬರೆದೆ: ಹನೂರು ಬಾಬ್ತು ಖಾಲಿ ಸೀಸೆ ನಾಲ್ಕು, ಗುಮಾಸ್ತನ ಭಯದ ದೆಸೆಯಿಂದ ಕಚೇರಿಯ ಮರಳಿನ ಬಕೀಟಿನಲ್ಲಿದ್ದದ್ದು ಈ ದಿನ ಫಿಟ್ಟರನಿಂದ ಸಿಕ್ಕಿ ಜಮಾ, ಫಿಟ್ಟರ್ ಸೀಸೆಯನ್ನು ಆ ದಿನವೇ ಎಣಿಸಿ ಒಪ್ಪಿಸಿದ್ದು ಸರಿ, ಅವನ ಮಾತಿನ ಮೇಲೆ ಬರೆದದ್ದೆಂದು ಗುಮಾಸ್ತ ಹೇಳಿದ್ದು ಸರಿಯಲ್ಲ. ಕೆಳಗೆ ರುಜು ಹಾಕಿದೆ. ಓದಿದೆ. "ಇನ್ನೊಂದ್ ದಪ" ಎಂದ ಮೇಸ್ತ್ರಿ. ಇನ್ನೊಂದು ಸಲ ಓದಿದೆ. ಕೆಲವು ತಿಂಗಳ ಮೇಲೆ ಕೊಯಮತ್ತೂರಿನಿಂದ ಬಂದ ಆಡಿಟರು ಆ ಸಾಲಿನ ಪಕ್ಕ ಕೆಂಪು ಮಸಿಯಲ್ಲಿ ಗೀಟು ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪುಟ ತಿರುವಿದರು.

ಯುಗಾದಿಯ ದಿನ ಹೊಸ ಕಿರ್ದಿಗೆ ಅರಿಸಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದರು. ಕರ್ಪೂರ ಪುಸ್ತಕಕ್ಕೆ ಬಹಳ ಹತ್ತಿರವಾಯಿತೆಂದು ನಾನು ತಟ್ಟೆಯನ್ನು ಸ್ವಲ್ಪ ಸರಿಸಿದೆ. ಸಾಹುಕಾರರು ಅದನ್ನು ಮತ್ತೆ ಇದ್ದಲ್ಲಿಗೇ ಸರಿಸಿದರು. ಬೇವು ಬೆಲ್ಲ ತಿಂದು ನಾನು ಬರೆದ ಬಾಬ್ತುಗಳಲ್ಲಿ ಮೇಸ್ತ್ರಿಯ ಸಂಬಳದ ಖಾತೆಯೂ ಒಂದು. ನನ್ನದನ್ನು ಬರೆಯಬೇಕೋ ಬೇಡವೋ ಎಂದು ಕೈ ತಡೆದಾಗ, "ಅದ್ನೂ ಬರೀರಿ. ಇಷ್ಟು ಎದ್ರೋ ಮನ್ಸ ಕದಿಯಾಕಾದ್ರೂ ಆಗಾಕಿಲ್ಲ" ಎಂದರು ಸಾಹುಕಾರರು.

ಮೇಸ್ತ್ರಿ ಒಂದೇ ಒಂದು ಕರಾರು ಹಾಕಿದ. ಇನ್ನು ಮೇಲೆ ಅವನು ಸೀಸೆ ಕೊಟ್ಟಾಗಲೆಲ್ಲ ನಾನು ಅವನಿಗೆ ಚೀಟಿ ಬರೆದುಕೊಡಬೇಕು: ಇಂಥ ದಿನ, ಇಂಥ ಊರಿನದು, ಇಷ್ಟು ಸೀಸೆ ಮುಟ್ಟಿತು, ರುಜು. ನಾಲ್ಕು ವರ್ಷ ಅವನಿಂದ ಸಾಕ್ಷಿ ಪಡೆದವನು ಅವನಿಗೆ ಸಾಕ್ಷಿ ಕೊಡತೊಡಗಿದೆ. ಚೀಟಿ ಕೈಗೆ ಬಂದ ಕೂಡಲೇ ಅವನು ನನ್ನ ಬಾಯಲ್ಲೇ ಒಮ್ಮೆ ಓದಿಸುತ್ತಿದ್ದ. ಆಮೇಲೆ ಬೀದಿಯ ಕಾಫಿ ಹೋಟೆಲಿಗೆ ಹೋಗಿ, ಗಲ್ಲಾದ ಮೇಲೆ ಕೂತವನಿಂದ ಇನ್ನೊಮ್ಮೆ ಓದಿಸುತ್ತಿದ್ದ. ಎರಡೂ ಹೊಂದಿದರೆ ಮಡಿಸಿ ಬೀಡಿ ಡಬ್ಬಿಯಲ್ಲಿ ಇಡುತ್ತಿದ್ದ. ಹೋಟೆಲಿನಲ್ಲಿ ಜನ ನನ್ನನ್ನು ಕಂಡರೆ "ಬಕೀಟಿನಾಗೆ ಇವತ್ತೇನ್ ಐತೆ ಗುಮಾಸ್ತ್ರೇ?" ಎನ್ನತೊಡಗಿದರು. ಹಾಗಾಗಿ ನಾನು ಕಾಫಿಯನ್ನು ಮನೆಯಲ್ಲೇ ಕುಡಿಯುವ ಅಭ್ಯಾಸ ಮಾಡಿಕೊಂಡೆ.

ಆ ವರ್ಷದ ಆಷಾಢದಲ್ಲಿ ಒಂದು ದಿನ ಅವನು ಎಳಂದೂರಿನಿಂದ ಬಂದು ಸೀಸೆ ಇಟ್ಟು, ಚೀಟಿ ಹಿಡಿದು ಹೋಟೆಲಿಗೆ ಹೋದವನು ಐದೇ ನಿಮಿಷದಲ್ಲಿ ವಾಪಸು ಬಂದ.

"ಸಾ, ಐದು ಕೊಟ್ಟೆ. ನಾಕು ಅಂತ ಬರ್ದಿದ್ದೀರಂತೆ."

"ನಾನು ಓದುವಾಗ ಐದು ಅಂದೆನಲ್ಲ?"

"ಅಂದ್ರಿ. ಬರ್ದಿರೋದು ನಾಕು."

ಮೇಜಿನ ಮೇಲಿನ ಸೀಸೆ ಎಣಿಸಿದೆ. ಐದು. ಚೀಟಿ ನೋಡಿದೆ. ನಾಲ್ಕು. ಕಿರ್ದಿ ನೋಡಿದೆ. ಅಲ್ಲೂ ನಾಲ್ಕು. ಅವನು ಬರದಿದ್ದರೆ ಮುಂದಿನ ಯುಗಾದಿಗೆ ಒಂದು ಸೀಸೆ ಹೆಚ್ಚಾಗಿ, ನಾನು ಮತ್ತೆ ಎಲ್ಲಿಗೆ ಓಡುತ್ತಿದ್ದೆನೋ. ಎರಡು ಕಡೆಯೂ ತಿದ್ದಿ, ತಿದ್ದಿದ್ದಕ್ಕೆ ರುಜು ಹಾಕಿ, ಹೊಸ ಚೀಟಿ ಬರೆದು ಅವನ ಕೈಗೆ ಕೊಟ್ಟು, "ಐದು" ಎಂದು ಜೋರಾಗಿ ಓದಿದೆ.

ಅವನು ತಲೆಯಾಡಿಸಿ, ಚೀಟಿ ತೆಗೆದುಕೊಂಡು, ಮತ್ತೆ ಹೋಟೆಲಿನ ಕಡೆಗೇ ಹೋದ.